ಕತ್ತಲಲ್ಲಿ ಕಾಣದ ಕ್ಯಾಮೆರಾ

ಕೊಟ್ಟೂರಿನ ಆ ವಿಡಿಯೋದವನ ಹತ್ತಿರ ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ, ಅಗ್ಗದ ಡಿಜಿಟಲ್ ಕ್ಯಾಮೆರಾ ಇತ್ತು. "ಆಟದ ಸಾಮಾನು ತಂದೀಯೇನಲೇ?" ಎಂದು ಜನ ಕಾಡಿದರೆ, ಅಂಗಿಯ ತುದಿಯಿಂದ ಅದನ್ನು ಒರೆಸುತ್ತ, "ಹಗುರ ಐತ್ರಿ, ದಿನಾನೂ ಹಿಡಿದ್ರೂ ಕೈ ನೋಯಂಗಿಲ್ಲ. ಹತ್ರದ ಮಾತು ಚಲೋ ಹಿಡಿತೈತಿ. ಕತ್ತಲಾಗಷ್ಟ ಕುರುಡು" ಎನ್ನುತ್ತಿದ್ದ. ಹಾಗಾಗಿ ಯಾರನ್ನು ಕಂಡರೂ ಅವನದು ಒಂದೇ ಮಾತು: "ಸ್ವಲ್ಪ ಬೆಳಕಿಗೆ ಬರ್ರಿ."

ನನ್ನ ಮಗಳ ಮದುವೆಯಲ್ಲಿ ಸೋಬಾನ ಪದ ಹಾಡಿದವಳು ನನ್ನ ಅಕ್ಕ. ಗಂಡ ತೀರಿಕೊಂಡವಳೆಂದು ಒಳಕೋಣೆಯಲ್ಲೇ ಕೂತು ಹಾಡುತ್ತಿದ್ದಳು. ಮದುವೆಯ ವಿಡಿಯೋ ಹಿಡಿಯುತ್ತಿದ್ದ ಅವನು ಹೊರಗೆ ಬಂದು ನನ್ನ ಕಿವಿಯ ಹತ್ತಿರ ಕೇಳಿದ.

"ಅಕ್ಕಾರನ್ನ ಬಾಗಿಲತನಕ ಕರೀಲೇನ್ರಿ? ಒಳಗ ಮುಖ ಬರಂಗಿಲ್ಲ."

"ಶುಭಕಾರ್ಯ ಐತಿ, ಬ್ಯಾಡ" ಎಂದೆ. ಅವನು ಒಳಗೆ ಹೋಗಿ, ಹಾಡು ಮುಗಿಯುವವರೆಗೂ ಕತ್ತಲಲ್ಲೇ ಕ್ಯಾಮೆರಾ ಹಿಡಿದು ನಿಂತ.

ಕೆಲವು ದಿನ ಬಿಟ್ಟು ಅವನೇ ಮನೆಗೆ ಬಂದು ಟೀವಿಯಲ್ಲಿ ಮದುವೆ ತೋರಿಸಿದ. ಎಲ್ಲರ ಮುಖವೂ ಇತ್ತು. ಅಕ್ಕನ ಹಾಡು ಬಂದಾಗ ಪರದೆಯ ಮೇಲೆ ಬರೀ ಕಪ್ಪು ಕಾಳು ಕುಣಿದವು. ಧ್ವನಿ ಮಾತ್ರ ಪಕ್ಕದಲ್ಲೇ ಕೂತು ಹಾಡಿದಷ್ಟು ಸ್ಪಷ್ಟ.

"ನನ್ನ ಮುಖ ಯಾಕ ಬಂದಿಲ್ಲಪ್ಪಾ?" ಎಂದು ಅಕ್ಕ ಅವನನ್ನು ಕೇಳಿದಳು.

ಅವನು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಅಂಗಿಯ ತುದಿಯಿಂದ ಕ್ಯಾಮೆರಾ ಒರೆಸುತ್ತ, "ಅಗ್ಗದ್ದು ನೋಡ್ರಿ ಅಕ್ಕಾರ, ಕತ್ತಲಾಗ ಕುರುಡು" ಎಂದ.

ಅಕ್ಕ ಈಗಿಲ್ಲ. ಬದುಕಿರುವಷ್ಟು ದಿನ ಅವಳು ಅದನ್ನೇ ನಂಬಿದ್ದಳು. ಏಕೆಂದರೆ ಅವತ್ತು ನಾನೂ ಹೇಳಿದ್ದೆ, "ಹೌದಕ್ಕ, ಕ್ಯಾಮೆರಾನ ಸರಿ ಇಲ್ಲ."