ಬಾವಲಕ್ಕನ ಚಪ್ಪಲಿ ಡಬ್ಬಿ

ಬೆಳಿಗ್ಗೆ ಆರು ಗಂಟೆ. ಬಟ್ಟೆ ಒಣಹಾಕಲು ಬಕೆಟ್ ಹಿಡಿದು ಬಾಲ್ಕನಿಗೆ ಬಂದರೆ, ಏಳು ವರ್ಷದ ಮಗಳು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಎದುರಿಗೆ ನೆಲದ ಮೇಲೆ ಅಂಗೈಯಷ್ಟೂ ಇಲ್ಲದ ಒಂದು ಬಾವಲಿ ತೆವಳುತ್ತಿದೆ. "ಹಗ್ಗದಲ್ಲಿ ತಲೆಕೆಳಗಾಗಿ ಸಿಕ್ಕಾಕ್ಕೊಂಡಿತ್ತು ಅಮ್ಮ. ನಾನು ನೆಟ್ಟಗೆ ಕೂರಿಸ್ದೆ," ಎನ್ನುತ್ತಾಳೆ. ಅದು ಮೇಲೇಳಲಾಗದೆ ಒದ್ದಾಡುವುದನ್ನು ನೋಡುತ್ತ ನೋಡುತ್ತ ಅವಳು ನನ್ನ ಸೆರಗು ಹಿಡಿಯುತ್ತಾಳೆ.

ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಉಳಿಯುತ್ತದೆ. ಮಗಳನ್ನು ಒಳಗೆ ಕೂರಿಸಿ, ಎದುರು ರಸ್ತೆಯ ಗ್ರಂಥಾಲಯಕ್ಕೆ ಓಡುತ್ತೇನೆ. ಅಲ್ಲಿ ಕಸ ಗುಡಿಸುವವರನ್ನು ಬೀದಿಯೆಲ್ಲ ಬಾವಲಕ್ಕ ಎಂದೇ ಕರೆಯುತ್ತದೆ. ಪೊರಕೆಯನ್ನು ಗೋಡೆಗೆ ಒರಗಿಸಿ, ಹಳೆಯ ಚಪ್ಪಲಿ ಡಬ್ಬಿ ಹಿಡಿದು, ಅವರು ಕಟ್ಟಡದ ಸುತ್ತ ಬಗ್ಗಿ ಬಗ್ಗಿ ನೋಡುತ್ತ ನಡೆಯುತ್ತಿದ್ದಾರೆ. ಮೂವತ್ತೊಂದು ವರ್ಷದಿಂದ ಇದೇ ಕ್ರಮ: ಮೊದಲು ನೋಟ, ಆಮೇಲೆ ಪೊರಕೆ. ಮಾಡಿನ ಸಂದಿಯಲ್ಲಿ ಇನ್ನೂರಕ್ಕೂ ಮಿಕ್ಕಿ ಬಾವಲಿಗಳಿವೆ. ಮರಿ ಹಾಕುವ ಕಾಲದಲ್ಲಿ ವಾರಕ್ಕೆ ಐದಾರು ಕೆಳಗೆ ಬೀಳುತ್ತವೆ. ಬೆಕ್ಕಿನ ಕಣ್ಣಿಗೆ ಬೀಳುವ ಮೊದಲು ಇವರ ಕಣ್ಣಿಗೆ ಬೀಳಬೇಕು.

ನಮ್ಮ ಮನೆಗೆ ಬಂದವರು ಮೊದಲು ನೋಡುವುದು ಮಗಳ ಕೈಗಳನ್ನು. "ಬರಿಗೈಲಿ ಮುಟ್ಟಿದ್ಯಾ ಕಂದಾ? ನಿಜ ಹೇಳು, ಬೈಯಲ್ಲ."

ಮಗಳು ಮಸಿಬಟ್ಟೆ ತೋರಿಸುತ್ತಾಳೆ. ಬಿಸಿ ಪಾತ್ರೆ ಇಳಿಸಲು ನಾನು ಹೇಳಿಕೊಟ್ಟ ಹಾಗೆಯೇ, ನಾಲ್ಕು ಮಡಿಕೆ.

"ಅಬ್ಬಾ, ಜಾಣೆ! ಆದ್ರೂ ಡಾಕ್ಟ್ರಿಗೆ ಒಂದ್ಸಲ ತೋರಿಸ್ಬಿಡಿ ತಾಯಿ," ಎಂದು ದಪ್ಪ ಕೈಗವಸು ತೊಟ್ಟು ಬಾವಲಿಯ ರೆಕ್ಕೆ ಬಿಡಿಸಿ ನೋಡುತ್ತಾರೆ. "ಮೂಳೆ ಮುರಿದ ಹಾಗಿಲ್ಲ. ಸಂಜೆ ಹಾರಿದ್ರೆ ಹಾರ್ತು. ನೋಡೋಣ."

ಒಂದು ಗೀರೂ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನನ್ನ ಜೀವ ಜಾಗಕ್ಕೆ ಬರುತ್ತದೆ. ಮಗಳದು ಬರುವುದಿಲ್ಲ. ಮಧ್ಯಾಹ್ನ ಗ್ರಂಥಾಲಯದ ಉಗ್ರಾಣದಲ್ಲಿ ಬಾವಲಿಯಿರುವ ಡಬ್ಬಿಯ ಪಕ್ಕ ಕೂತವಳು ಏಳುವುದೇ ಇಲ್ಲ. ಬಾವಲಕ್ಕ ಪೊರಕೆ ಬಿಗಿಯುತ್ತ ಮಾತಾಡುತ್ತಾರೆ.

ಈ ಹೆಸರು ಮೊದಲು ಹಂಗಿಸಲು ಹುಟ್ಟಿದ್ದಂತೆ. "ಬಾವಲಿ ಮುಟ್ಟೋ ಕೈ ಅಂತ ನನ್ನ ನಾದಿನಿ ನಮ್ಮನೇಲಿ ನೀರೂ ಕುಡೀತಿರ್ಲಿಲ್ಲ. ಬಾಗಿಲಲ್ಲೇ ನಿಲ್ಲೋಳು. ಒಳಗೆ ಬಾರೇ, ನೀನೂ ಒಂದು ಕಡೆ ಜೋತುಬೀಳು ಅಂದೆ!" ಒಮ್ಮೆ ಮರಿಗಳು ಒಳಗಿರುವಾಗಲೇ ಮಾಡಿನ ಸಂದಿ ಮುಚ್ಚಲು ಗಾರೆಯವರು ಬಂದರು. ಬಾವಲಕ್ಕ ಜಗಳಕ್ಕೆ ನಿಲ್ಲಲಿಲ್ಲ. ಏಣಿಯನ್ನು ಹೊತ್ತು ಮನೆಗೆ ನಡೆದರು. ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಏಣಿ ವಾಪಸು ಬರಲಿಲ್ಲ. ಅಷ್ಟರಲ್ಲಿ ಗಾರೆಯವರಿಗೆ ಬೇರೆ ಕೆಲಸ ಸಿಕ್ಕಿತ್ತು.

"ನಮ್ಮೋರು ತೀರ್ಕೊಂಡ ವರ್ಷ ನಂಗೆ ಏನೂ ಬೇಡವಾಗಿತ್ತು. ಅವರ ಅಂಗಿ ಹಿಡ್ಕೊಂಡು ಕೂತುಬಿಡ್ತಿದ್ದೆ. ಒಂದು ಸಂಜೆ ಈ ಬಾವಲಿಗಳು ಹೊರಡೋದನ್ನ ನೋಡ್ತಿದ್ದೆ. ಬಿಟ್ರೆ ಬೀಳ್ತೀವಿ ಅಂತ ನಾವು ಹಿಡ್ಕೊಂಡಿರ್ತೀವಿ. ಇದು ಬಿಟ್ರೇನೇ ಹಾರೋದು! ನೆಲದಿಂದ ಎದ್ದು ಹಾರೋಕೆ ಪಾಪ ಇದಕ್ಕೆ ಬರಲ್ಲ. ಒಂಚೂರು ಬೀಳ್ಬೇಕು, ಆಮೇಲೆ ರೆಕ್ಕೆ. ನಂಗೆ ಯಾವ ಗುರುನೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ."

ಮುಂದಿನ ವರ್ಷ ಅವರ ನಿವೃತ್ತಿ. ಬೇರೇನೂ ಆಸೆಯಿಲ್ಲ. "ನನ್ನ ಪೊರಕೆ ಹಿಡಿಯೋರು ಮೊದಲು ನೆಲ ನೋಡ್ಲಿ, ಆಮೇಲೆ ಗುಡಿಸ್ಲಿ. ಅಷ್ಟು ಸಾಕು."

ಹೊತ್ತು ಮುಳುಗಿದೊಡನೆ ಕಟ್ಟಡದ ಹಿಂದಿನ ಮರದ ಬಳಿ ನಿಲ್ಲುತ್ತೇವೆ. ಬಾವಲಕ್ಕ ಅದೇ ಏಣಿ ಹತ್ತಿ ಬಾವಲಿಯನ್ನು ಕೊಂಬೆಗೆ ತಾಗಿಸುತ್ತಾರೆ. ಅದು ತಿರುಗಿ, ತಲೆ ಕೆಳಗೆ ಮಾಡಿ ಜೋತುಬೀಳುತ್ತದೆ. ಅಲ್ಲಾಡುವುದಿಲ್ಲ. ಮಗಳ ಉಗುರು ನನ್ನ ಅಂಗೈಗೆ ಚುಚ್ಚುತ್ತಿದೆ. ಆಮೇಲೆ ಅದು ಕೊಂಬೆ ಬಿಡುತ್ತದೆ. ಬೀಳುತ್ತದೆ. ನೆಲ ಇನ್ನೇನು ಒಂದು ಮಾರು ಇದೆ ಎನ್ನುವಾಗ ರೆಕ್ಕೆ ಬಿಚ್ಚಿ, ನಮ್ಮ ತಲೆ ಸವರಿಕೊಂಡೇ ಮಾಡಿನತ್ತ ಏರಿಹೋಗುತ್ತದೆ.

"ಹೋಯ್ತು ನೋಡು, ಮನೆಗೆ," ಎಂದು ಬಾವಲಕ್ಕ ಏಣಿಯಿಳಿದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಮಗಳು ನನ್ನ ಕೈ ಬಿಡುತ್ತಾಳೆ. ಖಾಲಿ ಡಬ್ಬಿ ಎತ್ತಿಕೊಂಡು ಅವರ ಬಳಿ ಹೋಗಿ, ಬೆಳಗಿನಿಂದ ಗಂಟಲಲ್ಲೇ ಇದ್ದುದನ್ನು ಕೇಳುತ್ತಾಳೆ:

"ಬಾವಲಕ್ಕಾ, ಅದಕ್ಕೆ ನನ್ನ ಮೇಲೆ ಸಿಟ್ಟಿಲ್ಲ ಅಲ್ವಾ?"