ಬುಡ ಮುಚ್ಚಿದ ರಾಶಿ

ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದ ಕಾಲ. ಯುದ್ಧ ನಡೆಯುತ್ತಿತ್ತು, ಸೀಮೆಎಣ್ಣೆಗೂ ಕಾಗದಕ್ಕೂ ತತ್ವಾರ. ಆದರೂ ಸ್ಕೂಲ್ ಕಮಿಟಿಯ ಸಭೆಗೆ ಹಾಸನದಿಂದ ಬಂದ ವಿದ್ಯಾ ಇಲಾಖೆಯ ಸಾಹೇಬರ ಕೈಯಲ್ಲಿ ದೊಡ್ಡದೊಂದು ಚೌಕುಳಿ ಹಾಳೆಯಿತ್ತು. ಅದರ ಮೇಲೆ ಕೆಂಪು ಶಾಯಿಯ ಗೆರೆಯೊಂದು ಜಾರುಬಂಡೆಯ ಹಾಗೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು.

"ನೋಡಿ, ಹುಡುಗಿಯರ ಹಾಜರಿ ಹೇಗೆ ಬಿದ್ದುಹೋಗಿದೆ" ಎಂದರು. ಅದಕ್ಕೇ ಮೇಲಿನ ತರಗತಿ ಮುಚ್ಚಬೇಕಂತೆ, ಓದುವವರು ಹಾಸನಕ್ಕೆ ಹೋಗಲಂತೆ. ಮೈನೆರೆಯುವ ವಯಸ್ಸಿನ ಹುಡುಗಿಯನ್ನು ಓದಲೆಂದು ಹಾಸನಕ್ಕೆ ಕಳಿಸುವ ಎದೆ ಆಗ ಯಾವ ತಂದೆಗಿತ್ತು? ತರಗತಿ ಮುಚ್ಚಿದರೆ ಆ ಮಕ್ಕಳ ಓದು ಅಲ್ಲಿಗೆ ಮುಗಿಯಿತು.

ಹತ್ತಿರ ಹೋಗಿ ನೋಡಿದೆ. ಅಂಚಿನ ಅಂಕಿಗಳು ಸೊನ್ನೆಯಿಂದಲ್ಲ, ಐವತ್ತರಿಂದ ಶುರುವಾಗಿದ್ದವು. ಅರವತ್ತಿದ್ದ ಹಾಜರಿ ಐವತ್ತೆರಡಾಗಿತ್ತು, ಅಷ್ಟೇ. ಅದೂ ಸುಗ್ಗಿಯ ತಿಂಗಳಲ್ಲಿ. ನಾನು ಸೀಮೆಸುಣ್ಣ ತೆಗೆದುಕೊಂಡು ಅದೇ ಲೆಕ್ಕವನ್ನು ಸೊನ್ನೆಯಿಂದ ಹಿಡಿದು ಬೋರ್ಡಿನ ಮೇಲೆ ಬರೆದೆ. ಗೆರೆ ಹೆಚ್ಚುಕಡಿಮೆ ಮಟ್ಟವಾಗಿಯೇ ನಿಂತಿತು.

"ರಂಗೋಲಿ ಚೆನ್ನಾಗಿ ಹಾಕ್ತೀರಿ" ಎಂದು ಸಾಹೇಬರು ನಕ್ಕರು. ಸಭೆಯೂ ನಕ್ಕಿತು.

ಕಮಿಟಿಯ ಯಜಮಾನರು ಹೊಳೆ ಬದಿಯಲ್ಲಿ ದೊಡ್ಡ ಗದ್ದೆಗಳಿದ್ದವರು. ಅವರ ಮೊಮ್ಮಗಳೇ ನನ್ನ ತರಗತಿಯಲ್ಲಿ ಲೆಕ್ಕಕ್ಕೆ ಮೊದಲು. ಅವರಿಗಾದರೂ ತಿಳಿಯಲಿ ಎಂದು ಹೇಳಿದೆ: "ಯಜಮಾನ್ರೇ, ಕಣದಲ್ಲಿ ಎರಡು ರಾಶಿ ಇದೆ ಅಂದುಕೊಳ್ಳಿ. ಬುಡ ಮುಚ್ಚಿ ತುದಿ ಮಾತ್ರ ತೋರಿಸಿದರೆ, ನಾಲ್ಕು ಮೊರ ಹೆಚ್ಚಿರೋದು ಇನ್ನೊಂದರ ಎರಡರಷ್ಟು ಕಾಣುತ್ತೆ. ಇದೂ ಹಾಗೇ."

"ಎಣ್ಮಕ್ಕಳಿಗೂ ರಾಶಿಗೂ ಏನು ಸಂಬಂದ, ಮೇಷ್ಟ್ರಮ್ಮ? ಗೆರೆ ಇಳ್ದಿರೋದು ಕಣ್ಗೆ ಕಾಣ್ತದಲ್ಲ! ಸರ್ಕಾರದೋರು ಸುಳ್ಳು ಬರ್ದಾರಾ?"

ಬರೆದದ್ದು ಸುಳ್ಳಲ್ಲ, ತೋರಿಸಿದ ರೀತಿ ಸುಳ್ಳು ಎಂದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ತರಗತಿ ಮುಚ್ಚಿತು. ಯಜಮಾನರ ಮೊಮ್ಮಗಳಿಗೆ ಅರಕಲಗೂಡಿನ ಕಡೆ ಗಂಡು ಗೊತ್ತಾಯಿತೆಂದು ಆಮೇಲೆ ಕೇಳಿದೆ.

ಮುಂದಿನ ಸುಗ್ಗಿಗೆ, ಸರ್ಕಾರ ರೈತರಿಂದ ಕಡ್ಡಾಯವಾಗಿ ಅಳೆಸಿಕೊಳ್ಳುತ್ತಿದ್ದ ಲೆವಿ ಭತ್ತದ ಸಭೆ ಸೇರಿದ್ದು ನಮ್ಮ ಸ್ಕೂಲಿನಲ್ಲೇ, ಖಾಲಿ ಬಿದ್ದಿದ್ದ ಅದೇ ಕೋಣೆಯಲ್ಲಿ. ಬೆಂಚುಗಳಿದ್ದವಲ್ಲ! ಬಂದ ಅಧಿಕಾರಿ ಬೇರೆ, ಹಾಳೆ ಅಂಥದ್ದೇ. ಈ ಸಲ ಕೆಂಪು ಗೆರೆ ಮೇಲಕ್ಕೆ ನೆಗೆದಿತ್ತು. ಇಳುವರಿ ಇಷ್ಟು ಏರಿದೆ, ಆದ್ದರಿಂದ ಲೆವಿಯೂ ಏರಬೇಕು ಎಂದರು.

ಯಜಮಾನರು ಎದ್ದರು. ಹಾಳೆಯ ಕೆಳ ಅಂಚಿಗೆ ಬೆರಳಿಟ್ಟರು.

"ಬುಡ ಎಲ್ಲೋಯ್ತು, ಸಾ? ರಾಶಿ ಬುಡ ಮುಚ್ಬುಟ್ಟು ತುದಿ ತೋರ್ಸಿದ್ರೆ ನಾವು ನಂಬ್ಬೇಕಾ? ಏ ಮೇಷ್ಟ್ರಮ್ಮ, ಬನ್ನಿ ಇಲ್ಲಿ! ಸೊನ್ನೆಯಿಂದ ಬರ್ದು ತೋರ್ಸಿ ಇವ್ರಿಗೆ!"

ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ನನ್ನ ಮಾತು ಅಂದೇ ಈ ಮನುಷ್ಯನ ಕಿವಿಗೆ ಬಿದ್ದಿತ್ತು, ಒಂದಕ್ಷರ ಮರೆಯದೆ ಇಟ್ಟುಕೊಂಡಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುತ್ತಾರಂತೆ. ಇವರು ಬಾಗಿಲು ಹಾಕಿದ್ದು ತಮ್ಮ ಕಣಜಕ್ಕೆ ಮಾತ್ರ. ಬರೆಯುವುದಿಲ್ಲ ಎನ್ನಬೇಕೆನ್ನಿಸಿತು. ಆದರೆ ಲೆಕ್ಕ ಅವರಪ್ಪನ ಮನೆಯದಲ್ಲವಲ್ಲ, ಬರೆದೆ. ಗೆರೆ ಮಟ್ಟವಾಯಿತು. ಎಲ್ಲರೂ ಭೇಷ್ ಎಂದರು. ಅಧಿಕಾರಿ ಹಾಳೆ ಸುತ್ತಿಕೊಂಡು, ಇನ್ನೊಮ್ಮೆ ನೋಡೋಣ ಎಂದರು.

ಅಷ್ಟರಲ್ಲಿ, ಸುಗ್ಗಿಗೆಂದು ತವರಿಗೆ ಬಂದಿದ್ದ ಯಜಮಾನರ ಮೊಮ್ಮಗಳು ಸಭೆಗೆ ಮಜ್ಜಿಗೆ ತಂದಳು. ಸೀರೆಯುಟ್ಟಿದ್ದಳು. ತಾತನಿಗೆ ಲೋಟ ಕೊಟ್ಟು, ಬೋರ್ಡನ್ನೇ ದಿಟ್ಟಿಸಿ ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಮ್ಮಾವ್ರೇ, ನಮ್ ಕ್ಲಾಸ್ ಮುಚ್ದಾಗ ಇಂಗೇ ಬರ್ದು ತೋರ್ಸಬಾರ್ದಾಗಿತ್ತಾ?"

"ತೋರಿಸಿದ್ದೆ ಕಣಮ್ಮ" ಎಂದೆ. "ನಿಮ್ಮ ತಾತನ್ನ ಕೇಳು."