ಗೊಂಬೆಯ ಜವಳ

ಶಿರಸಿಯಲ್ಲಿ ನನ್ನದು ಹಳೆಯ ವಿನೈಲ್ ಗೊಂಬೆಗಳನ್ನು ರಿಪೇರಿ ಮಾಡುವ ಕೆಲಸ. ಬನವಾಸಿಯ ಅಜ್ಜಿಯೊಬ್ಬರು ತಂದಿದ್ದ ಗೊಂಬೆಗೆ ಸೂಜಿಯಿಂದ ಒಂದೊಂದೇ ಎಳೆ ಚುಚ್ಚಿ, ಸೊಂಟದವರೆಗೆ ಕೂದಲು ಕೂರಿಸಿಕೊಟ್ಟಿದ್ದೆ. ಕೆಲವು ವಾರಗಳ ಮೇಲೆ ಅವರು ಮೊಮ್ಮಗಳ ಜೊತೆ ಮತ್ತೆ ಬಂದರು. ಗೊಂಬೆಯ ತಲೆ ನುಣ್ಣಗೆ ಬೋಳು!

“ಇದನ್ನು ಬೋಳಿಸಿದ್ದು ಯಾರು?” ರೇಗಿಬಿಟ್ಟೆ.

“ಸಿಟ್ಟಾಗಬ್ಯಾಡ್ರಿ. ಈಕಿ ಜವಳ ತೆಗೆಸೂದಿತ್ರಿ. ಕತ್ತಿ ನೋಡಿ ಅಂಜಿ, ಮೊದಲ ಗೊಂಬಿದು ತೆಗೀರಿ ಅಂತ ಹಟ ಹಿಡದ್ಲು” ಎಂದರು ಅಜ್ಜಿ.

ಹುಡುಗಿಯ ತಲೆಯಲ್ಲಿ ಹೊಸ ಕೂದಲು ಗರಿಕೆಯ ಹಾಗೆ ಚಿಗುರಿತ್ತು. ಗೊಂಬೆಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು: “ನಂದು ಬಂತು. ಇದರದು ಯಾಕ ಬರವಲ್ದು?”

ನನ್ನ ಸಿಟ್ಟು ಎತ್ತ ಹೋಯಿತೋ. ಮತ್ತೆ ಸೂಜಿ ಹಿಡಿದೆ. ಈ ಸಲ ಕೂದಲು ಕೂರಿಸಿ, ಅವಳದರಷ್ಟೇ ಗಿಡ್ಡಕ್ಕೆ ಕತ್ತರಿಸಿದೆ. ಒಯ್ಯಲು ಬಂದ ದಿನ, “ನಿಂದು ಉದ್ದ ಆದಾಗ ಇದನ್ನೂ ಕರ್ಕೊಂಡು ಬಾ, ಉದ್ದ ಮಾಡಿಕೊಡ್ತೇನೆ” ಎಂದೆ.

ಅವಳು ಗೊಂಬೆಯ ತಲೆ ಸವರಿ ನಕ್ಕಳು. ಆಮೇಲೆ ನನ್ನ ಬೊಕ್ಕತಲೆಯನ್ನೇ ದಿಟ್ಟಿಸಿ, “ಅಜ್ಜಾ, ನಿನ್ನ ಜವಳ ಯಾವಾಗ ಆತು?” ಎಂದಳು.

“ಬಹಳ ದಿನ ಆಯ್ತು ಮಗಾ.”

“ಚಿಂತಿ ಮಾಡಬ್ಯಾಡ, ಬರತೈತಿ.”

ಆವತ್ತಿನಿಂದ ಬೆಳಿಗ್ಗೆ ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತಿದ್ದೇನೆ.